ಕತ್ತಲ ಸುಳಿಯ ಮೊದಲ ಸಾಲು

ನಮ್ಮ ಕಿಸ್ಸಿಮೀ ಊರಿನಲ್ಲಿ ರೋಲರ್ ಕೋಸ್ಟರ್ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ಜನ ನನ್ನ ಸಲೂನಿಗೆ ಬರುತ್ತಾರೆ. ಇದು ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಯಾವ ಇಳಿಜಾರಿನಲ್ಲಿ ಹೊಟ್ಟೆ ಬಾಯಿಗೆ ಬರುತ್ತದೆ, ಯಾವ ತಿರುವಿನಲ್ಲಿ ಟೋಪಿ ಹಾರಿಹೋಗುತ್ತದೆ, ಎಲ್ಲಿ ಕೂತರೆ ಮರುದಿನ ಕತ್ತು ಹಿಡಿಯುತ್ತದೆ, ಎಲ್ಲವೂ ಇವೆಲಿಸ್ ಎಂಬ ನನಗೆ ಬಾಯಿಪಾಠ. ಹಾಗಾಗಿ ಊರಿನ ಮನರಂಜನಾ ಪಾರ್ಕಿನವರು ಕಿಟಕಿಯೇ ಇಲ್ಲದ ಆ ದೊಡ್ಡ ನೀಲಿ ಕಟ್ಟಡ ಎಬ್ಬಿಸಿ, ಒಳಗೆ ‘ಕತ್ತಲ ಸುಳಿ’ ಎಂಬ ಹೊಸ ಕೋಸ್ಟರ್ ಬರುತ್ತದೆ, ಓಡುವಾಗಲೇ ಅದರ ಒಂದೊಂದು ಬಂಡಿಯೂ ತನ್ನ ಸುತ್ತ ತಾನೇ ತಿರುಗುತ್ತದೆ ಎಂದು ಬೋರ್ಡು ಹಾಕಿದ ದಿನದಿಂದ ನನ್ನ ಸಲೂನಿನಲ್ಲಿ ಕತ್ತರಿಗಿಂತ ಬಾಯಿಗೇ ಕೆಲಸ ಹೆಚ್ಚಾಯಿತು.

ಬೋರ್ಡಿನ ಚಿತ್ರ ಬಿಟ್ಟರೆ ಬೇರೆ ಸುಳಿವಿಲ್ಲ. ಚಿತ್ರದಲ್ಲಿ ಉದ್ದಕ್ಕೆ ಕೊಂಡಿ ಹಾಕಿದ ಬಂಡಿಗಳು, ಒಂದೊಂದು ಬಂಡಿಗೆ ಒಂದೇ ಸಾಲು, ಸಾಲಿಗೆ ಇಬ್ಬರು. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಪಾರ್ಕಿನಲ್ಲೇ ಕೆಲಸ ಮಾಡುವವರು, ಆದರೆ ಒಳಗಿನ ವಿಷಯ ಹೊರಗೆ ಬಿಟ್ಟರೆ ಕೆಲಸ ಹೋಗುತ್ತದೆಂದು ತುಟಿ ಹೊಲಿದುಕೊಂಡು ಕೂತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಹೊಲಿದುಕೊಂಡವಳು ನನ್ನ ಸ್ವಂತ ತಂಗಿ ದಾಮಾರಿಸ್. ಅವಳಿಗೆ ಕೆಲಸ ಹಾಕಿದ್ದು ಅದೇ ಹೊಸ ಕೋಸ್ಟರಿಗೆ.

“ಒಂದೇ ಒಂದು ಮಾತು ಹೇಳೇ,” ಎಂದು ಗೋಗರೆದೆ. “ಒಳಗಡೆ ಹೆಂಗಿದೆ?”

“ಕತ್ತಲಿದೆ ಅಕ್ಕಾ.”

“ಅದನ್ನ ಬೋರ್ಡಲ್ಲೇ ಬರ್ದಿದಾರಲ್ಲೇ!”

“ಹಂಗಾದ್ರೆ ನಾನೇನೂ ಹೊಸದು ಹೇಳ್ಲಿಲ್ಲ. ಕೆಲಸ ಉಳೀತು.”

ಆದರೆ ಆ ವರ್ಷ ನನಗೆ ಕೋಸ್ಟರಿಗಿಂತ ದೊಡ್ಡ ಚಿಂತೆ ಅಮ್ಮನದು. ಊರವರ ಬಾಯಲ್ಲಿ ಆಕೆ ದೋನ್ಯಾ ಪ್ರೋವಿ, ಅಂದರೆ ಪ್ರೋವಿ ಅಮ್ಮನವರು. ಈಸ್ಟರ್ ಮುಗಿದದ್ದೇ ತಡ, ಇಲ್ಲಿ ಸಾಕು, ನಮ್ಮ ಮೂಲದ ದ್ವೀಪಕ್ಕೆ, ಅಗ್ವಾದಿಯಕ್ಕೆ ಹೋಗಿ ತಂಗಿಯ ಜೊತೆ ಸಮುದ್ರ ನೋಡಿಕೊಂಡು ಇದ್ದುಬಿಡುತ್ತೇನೆ ಎಂದು ಹಟ ಹಿಡಿದಳು. ದ್ವೀಪಕ್ಕೆ ಹೋದ ನಮ್ಮ ಕಡೆಯ ಅಮ್ಮಂದಿರು ಮತ್ತೆ ಬರುವುದು ಯಾರದಾದರೂ ಮದುವೆಗೆ ಮಾತ್ರ. ನನಗೆ ಅದು ಬೇಡವಾಗಿತ್ತು. ನಾನು ಅಂಗಡಿ ಇಟ್ಟವಳು, ಬೆಳೆದ ಮಕ್ಕಳ ತಾಯಿ, ಆದರೂ ಅಮ್ಮ ಊರಲ್ಲಿಲ್ಲ ಎಂದು ನೆನೆದರೆ ಕೈಕಾಲು ಆಡುತ್ತಿರಲಿಲ್ಲ.

ಒಂದು ಶನಿವಾರ ಅವಳ ಕೂದಲಿಗೆ ಸುರುಳಿ ಕಟ್ಟುತ್ತಾ ಮತ್ತೆ ಅದೇ ಮಾತು ತೆಗೆದೆ.

“ಇಲ್ಲಿ ಇನ್ನೇನಿದೆ ನಂಗೆ?” ಅಂದಳು. “ಎಲ್ಲಾ ಹತ್ತಿ ಇಳಿದಾಯ್ತು.”

“ಕತ್ತಲ ಸುಳಿ ಹತ್ತಿಲ್ವಲ್ಲ.”

ಅಮ್ಮ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಈ ಹುಚ್ಚು ನನಗೆ ಹಿಡಿದದ್ದೇ ಅವಳಿಂದ. ಆದರೆ ಪ್ರತಿಸಲವೂ ಮೊದಲ ಸಾಲನ್ನು ಅಕ್ಕತಂಗಿಯರಾದ ನಮಗಿಬ್ಬರಿಗೆ ಬಿಟ್ಟು, ನಮ್ಮ ಟೋಪಿ ಚೀಲ ಎಲ್ಲ ಅಪ್ಪಿಕೊಂಡು ಹಿಂದೆ ಕೂರುತ್ತಿದ್ದವಳೂ ಅವಳೇ.

“ಸರಿ, ಪಂದ್ಯ ಕಟ್ಟೋಣ,” ಅಂದಳು. “ಬಾಗಿಲು ತೆಗೆದ ದಿನ, ಮೊದಲನೇ ರೈಲಲ್ಲಿ, ಎಲ್ಲರಿಗಿಂತ ಮುಂದೆ ನಾನು ಹೋಗ್ಬೇಕು. ನನ್ನ ಮುಂದೆ ಒಂದು ನರಪಿಳ್ಳೆ ಕಾಣಿಸ್ಬಾರ್ದು. ಹಂಗಾದ್ರೆ ನಾನು ಇಲ್ಲೇ ಇರ್ತೀನಿ. ಆಗ್ಲಿಲ್ವಾ, ಕಣ್ಣೀರು ಗಿಣ್ಣೀರು ಹಾಕ್ದೆ ಏರ್‌ಪೋರ್ಟಿಗೆ ಬಿಟ್ಟು ಬರ್ಬೇಕು.”

ನಾನು ಜೋರಾಗಿ ನಕ್ಕೆ. ಮೊದಲ ಸಾಲು ಹಿಡಿಯುವ ಪಂದ್ಯವನ್ನು ನನ್ನ ಜೊತೆ ಕಟ್ಟುವುದೇ! ಅಮ್ಮ ಆಗಲೇ ಉಳಿದಳು ಎಂದುಕೊಂಡೆ.

ಮುಂದಿನ ಭಾನುವಾರ ಊಟಕ್ಕೆ ತೊಗರಿಕಾಳಿನ ಅನ್ನ ಮಾಡಿದ್ದೆವು. ಪಂದ್ಯದ ಸುದ್ದಿ ಕೇಳಿದ ದಾಮಾರಿಸ್ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. “ಅಕ್ಕಾ, ಅಮ್ಮನ್ನ ಕೊನೇ ಸಾಲಲ್ಲಿ ಕೂರ್ಸು.”

“ತಲೆ ನೆಟ್ಟಗಿದೆಯಾ? ಕೊನೇ ಸಾಲು ಅಂದ್ರೆ ಚಾಟಿ ತುದಿ. ಇಳಿಯೋವಾಗ ಎತ್ತಿ ಬಿಸಾಕತ್ತೆ. ಅಮ್ಮನ ಸೊಂಟ ಏನಾಗ್ಬೇಕು? ಪಂದ್ಯ ಏನಾಗ್ಬೇಕು?”

“ಸೊಂಟಕ್ಕೆ ಏನೂ ಆಗಲ್ಲ.”

“ಅಮ್ಮ ಹೊರಟುಹೋಗ್ಲಿ ಅಂತಾನಾ ನಿನಗೆ?”

ದಾಮಾರಿಸ್‌ಳ ಮುಖ ಕೆಂಪೇರಿತು. ಎದ್ದು ತಟ್ಟೆಗಳನ್ನು ಒಟ್ಟುಮಾಡಿದಳು. ತಟ್ಟೆ ತೊಳೆಯುವಾಗ ಮತ್ತೊಮ್ಮೆ, ಮೆಲ್ಲಗೆ, “ಕೊನೇ ಸಾಲು ಅಕ್ಕಾ” ಅಂದಳು. ನಾನು ಬಟ್ಟೆಯನ್ನು ಅವಳ ಮೇಲೆ ಎಸೆದೆ. ಅಮ್ಮ ಪಾತ್ರೆಯ ತಳ ಹಿಡಿದ ಗರಿಗರಿ ಅನ್ನವನ್ನು ಕೆರೆದು ತಿನ್ನುವುದರಲ್ಲೇ ಮುಳುಗಿದ್ದಳು.

ಬಾಗಿಲು ತೆಗೆಯುವ ದಿನ ಬೆಳಕು ಹರಿಯುವ ಮುಂಚೆಯೇ ನಾನೂ ಅಮ್ಮನೂ ಪಾರ್ಕಿನ ಗೇಟಿನಲ್ಲಿದ್ದೆವು. ಪಕ್ಕದ ಬೀದಿಯ ಮೆಕ್ಯಾನಿಕ್ ವಿಲ್ಫ್ರೆದೊ ನಮ್ಮ ಹಿಂದೆಯೇ ನಿಂತು ಕಿಚಾಯಿಸುತ್ತಿದ್ದ.

“ದೋನ್ಯಾ ಪ್ರೋವಿ, ಸೋತ್ರೆ ಬೇಜಾರು ಮಾಡ್ಕೋಬೇಡಿ. ಅಗ್ವಾದಿಯಕ್ಕೆ ನಾನೂ ಬರ್ತೀನಿ, ದಿನಾ ಮೀನು ಹುರಿದು ಹಾಕಿ.”

“ನಿನ್ನ ಹೊಟ್ಟೆಗೆ ಸಮುದ್ರದ ಮೀನು ಸಾಲಲ್ಲ ಕಣೋ,” ಅಂದಳು ಅಮ್ಮ.

ಹಗ್ಗ ಸರಿಸಿದರು. ಪಾರ್ಕಿನಲ್ಲಿ ಓಡುವಂತಿಲ್ಲ, ಓಡಿದರೆ ಹಿಡಿದು ಹಿಂದಕ್ಕೆ ಕಳಿಸುತ್ತಾರೆ. ಅದಕ್ಕೇ ನಮ್ಮವರು ಕಲಿತಿರುವ ನಡಿಗೆಯೊಂದಿದೆ: ಮಂಡಿ ಬಗ್ಗಿಸದೆ, ಮೊಣಕೈ ಅಗಲಿಸಿ, ಸೊಂಟ ಕುಣಿಸುತ್ತಾ, ಓಡುವವರಿಗಿಂತ ಬೇಗ. ದಿನಾ ಬೆಳಿಗ್ಗೆ ಮಾಲ್‌ನಲ್ಲಿ ನಡೆದು ಪಳಗಿದ್ದ ಅಮ್ಮ ಹದಿಹರೆಯದವರನ್ನೆಲ್ಲ ಹಿಂದೆ ಹಾಕಿದಳು. ನೀಲಿ ಕಟ್ಟಡದ ಬಾಗಿಲು ಮೊದಲು ಮುಟ್ಟಿದವರು ನಾವೇ.

ಪ್ಲಾಟ್‌ಫಾರ್ಮಿನಲ್ಲಿ ಸಮವಸ್ತ್ರ ತೊಟ್ಟು ನಿಂತಿದ್ದವಳು ದಾಮಾರಿಸ್. ಅಪರಿಚಿತರನ್ನು ಕೇಳುವ ಹಾಗೆ ಕೇಳಿದಳು: “ಎಷ್ಟು ಜನ? ಯಾವ ಸಾಲು?”

“ಇಬ್ಬರು. ಮೊದಲನೇದು!” ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಹೇಳಿದೆ.

ಅವಳು ಮೊದಲ ಸಾಲಿನ ಗೇಟು ತೋರಿಸಿದಳು. ಅಮ್ಮ ಅಲುಗಲಿಲ್ಲ. ದಾಮಾರಿಸ್‌ಳನ್ನೇ ದಿಟ್ಟಿಸಿದಳು, ದಾಮಾರಿಸ್ ನೆಲ ನೋಡಿದಳು. ಆಮೇಲೆ ಅಮ್ಮ ನನ್ನನ್ನು ದಾಟಿ, ರೈಲಿನ ಉದ್ದಕ್ಕೂ ನಡೆದು, ಕೊನೆಯ ಸಾಲಿನ ಗೇಟಿನಲ್ಲಿ ಒಬ್ಬನೇ ನಿಂತಿದ್ದ ವಿಲ್ಫ್ರೆದೊನಿಗೆ “ಸ್ವಲ್ಪ ಸರ್ಕೋ” ಅಂದಳು.

“ಅಮ್ಮಾ! ಅದು ಕೊನೇದು!”

“ಗೊತ್ತು ಕಣೆ, ಕಣ್ಣು ಚೆನ್ನಾಗೇ ಕಾಣ್ಸತ್ತೆ ನಂಗೆ.”

ಅಂದರೆ ಅವಳಿಗೆ ಸೋಲಬೇಕಾಗಿತ್ತು. ಹೋಗುತ್ತೇನೆ ಎಂದು ನನ್ನ ಮುಖಕ್ಕೆ ಹೇಳಲಾರದೆ ಹೀಗೆ ಹೇಳುತ್ತಿದ್ದಾಳೆ. ಹಿಂದಿನಿಂದ ಯಾರೋ ನೂಕಿದರು, ಮೊದಲ ಸಾಲಿನಲ್ಲಿ ಕುಕ್ಕರಿಸಿದೆ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಪ್ರವಾಸಿ. ದಾಮಾರಿಸ್ ಬಂದು ನನ್ನ ತೊಡೆಯ ಮೇಲಿನ ಕಂಬಿಯನ್ನು ಎಳೆದು ನೋಡಿದಳು. ನಾನು ಮುಖ ತಿರುಗಿಸಿದೆ. ಅಷ್ಟು ಕಾದ ಸೀಟಿನಲ್ಲಿ ಕೂತು ನಾನು ಅಳುತ್ತಿದ್ದೆ.

ರೈಲು ಮೆಲ್ಲಗೆ ಮುಂದೆ ಸರಿದು ದೊಡ್ಡದೊಂದು ಕತ್ತಲ ಕೋಣೆ ಹೊಕ್ಕು ನಿಂತಿತು. ಕಣ್ಣೊರೆಸಿಕೊಂಡು ಮುಂದಿನ ಹಳಿ ಹುಡುಕಿದೆ. ಮುಂದೆ ಹಳಿಯೇ ಇರಲಿಲ್ಲ. ಗೋಡೆ ಇತ್ತು.

ಇದೇನೆಂದು ಯೋಚಿಸುವಷ್ಟರಲ್ಲಿ ರೈಲು ಹಿಂದಕ್ಕೆ ನುಗ್ಗಿತು. ಹಿಂದಕ್ಕೆ! ನನ್ನ ಕಿರುಚಾಟ ನನ್ನ ಬಾಯಿಗಿಂತ ಮುಂದೆ ಉಳಿದುಹೋಯಿತು. ನನ್ನ ಬಂಡಿ ಬುಗುರಿಯಂತೆ ಅರೆಸುತ್ತು ತಿರುಗಿ, ಹೋಗುತ್ತಿದ್ದ ದಿಕ್ಕಿಗೆ ಮುಖ ಮಾಡಿ ನಿಂತಿತು. ಆಗ ಕಂಡೆ. ಎಲ್ಲ ಬಂಡಿಗಳೂ ನನ್ನ ಮುಂದಿದ್ದವು, ಎಲ್ಲರಿಗಿಂತ ಹಿಂದೆ ಉಳಿದವಳು ನಾನು. ದೂರದಲ್ಲಿ, ಎಲ್ಲರಿಗಿಂತ ಮುಂದೆ, ಚುಕ್ಕಿದೀಪಗಳ ಬೆಳಕಿನಲ್ಲಿ ನಾನೇ ಸುರುಳಿ ಕಟ್ಟಿದ ಬಿಳಿ ಕೂದಲು, ಮೇಲೆತ್ತಿದ ಎರಡು ಕೈ. ಅದರಾಚೆ ಬರೀ ಕತ್ತಲು, ಒಂದು ನರಪಿಳ್ಳೆಯೂ ಇಲ್ಲ. ನಾನು ಅಳುತ್ತಾ, ನಗುತ್ತಾ, “ಅಮ್ಮಾ, ನೀನೇ ಗೆದ್ದೆ!” ಎಂದು ಕೊನೆಯವರೆಗೂ ಕೂಗುತ್ತಲೇ ಇದ್ದೆ.

ಇಳಿದಾಗ ಅವಳ ಕೂದಲು ಗುಬ್ಬಿ ಗೂಡಾಗಿತ್ತು. ವಿಲ್ಫ್ರೆದೊ ಗೋಡೆಗೆ ಒರಗಿದ್ದ. ನಾನು ಅವಳ ಕೈ ಹಿಡಿದುಕೊಂಡೆ.

“ದಾಮಾರಿಸ್ ಹೇಳಿದ್ಲಾ ನಿಂಗೆ?”

“ನಿಂಗೆ ಹೇಳಿದ್ದನ್ನೇ. ಕೆಲಸದ ವಿಷಯಕ್ಕೆ ಉಸಿರೇ ಬಿಡದ ಹುಡುಗಿ ಅದೊಂದು ಮಾತನ್ನ ಮತ್ತೆ ಮತ್ತೆ ಹೇಳಿದ್ಲು. ಅಷ್ಟು ಸಾಕಾಗಿತ್ತು.”

“ನಾನು ಅಂದ್ಕೊಂಡೆ, ನೀನು ಬೇಕಂತಲೇ ಸೋಲೋಕೆ ಅಲ್ಲಿ ಹೋಗಿ ಕೂತೆ ಅಂತ.”

ಅಮ್ಮ ನನ್ನ ಕೆನ್ನೆ ಒರೆಸಿದಳು. “ದಡ್ಡಿ. ಸೋಲೋ ಮನಸ್ಸಿದ್ದಿದ್ರೆ ನಿನ್ನ ಪಕ್ಕದಲ್ಲೇ ಕೂರ್ತಿದ್ದೆ.”