ಮೆಟ್ಟಿಲ ಕಡೆಗಿದ್ದ ಬಾಣ

ದರ್ಜಿ ತನ್ನ ಅಂಗಡಿಯ ಫ್ಯಾನು, ಲೈಟು, ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಆರಿಸಿ ಮೀಟರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಅದರ ಕೆಂಪು ದೀಪ ರೆಪ್ಪೆ ಹೊಡೆಯದೆ ದುರುಗುಟ್ಟುತ್ತಿತ್ತು.

"ನೋಡಿದ್ರಾ? ಅಂಗಡಿ ಸತ್ತು ಬಿದ್ದಿದೆ, ಕರೆಂಟು ಮಾತ್ರ ಹರೀತಾನೇ ಇದೆ!"

"ನನ್ನ ಪ್ಯಾಂಟು?" ಎಂದ, ಬೆಳಗ್ಗೆಯಿಂದ ಕಾದು ಕೂತಿದ್ದ ಗಿರಾಕಿ.

ದರ್ಜಿಯ ತರ್ಕ ಸರಳ. ಎಚ್ಚರವಿದ್ದವನು ದಿಟ್ಟಿಸುತ್ತಾನೆ, ತೂಕಡಿಸುವವನು ಕಣ್ಣು ಪಿಳಿಪಿಳಿ ಮಾಡುತ್ತಾನೆ. ಇಸ್ತ್ರಿ ಹಾಕಿದರೆ ದೀಪ ಮಿಟುಕುತ್ತದೆ, ಅಂದರೆ ಮೀಟರಿಗೆ ವಿಶ್ರಾಂತಿ. ಎಲ್ಲ ಆರಿಸಿದರೆ ನೆಟ್ಟನೋಟ, ಅಂದರೆ ಯಾರೋ ಕದಿಯುತ್ತಿದ್ದಾರೆ. ಯಾರೋ ಏನು, ಮಹಡಿಯಲ್ಲಿರುವ ಭಾವನೇ! ಇಸ್ತ್ರಿ ಹಾಕಿದಾಗಲೆಲ್ಲ ಮೀಟರಿನ ಪರದೆಯ ಮೂಲೆಯಲ್ಲಿ ಪುಟ್ಟ ಬಾಣವೊಂದು ಮೂಡಿ ಅಕ್ಕನ ಮನೆಯ ಮೆಟ್ಟಿಲ ಕಡೆಗೇ ಮೂತಿ ಮಾಡುತ್ತಿತ್ತು. ಆರಿಸಿದರೆ ಮಾಯ. ಕಳ್ಳನೆಂದ ಮೇಲೆ ಗುರುತು ಬಿಡದೆ ಇರುತ್ತಾನೆಯೇ?

ಇದನ್ನು ಅಕ್ಕನ ಮುಖದೆದುರೇ ಒದರಿಬಿಟ್ಟಿದ್ದ. ಮಧ್ಯಾಹ್ನಕ್ಕೆ ಸರಿಯಾಗಿ ಮಹಡಿಯ ಕಿಟಕಿಯಿಂದ ಹಗ್ಗದಲ್ಲಿ ಇಳಿದುಬರುತ್ತಿದ್ದ ಊಟದ ಡಬ್ಬಿ ಅವತ್ತೇ ನಿಂತಿತು. ಹನ್ನೊಂದು ವರ್ಷ ತಪ್ಪದ ಡಬ್ಬಿ. ಈಗ ಎಂಟು ದಿನದಿಂದ ಬರೀ ಹಗ್ಗ ಅವನನ್ನು ಅಣಕಿಸುತ್ತ ತೂಗುತ್ತಿತ್ತು.

ಇವತ್ತು ಇಕ್ಕಳ ಹಿಡಿದು ಸ್ಟೂಲು ಹತ್ತಿದ. ಮಹಡಿಗೆ ಹೋಗುವ ತಂತಿ ಕತ್ತರಿಸಿದರೆ ಅಕ್ಕನ ಮನೆಯ ಬಾಗಿಲು ಮತ್ತೆ ತೆರೆಯದು. ಅದು ಗೊತ್ತಿದ್ದೂ ಇಕ್ಕಳದ ಬಾಯಿ ತೆರೆದ.

"ಇಳೀರಿ ಸ್ವಾಮಿ, ಸುಟ್ಟು ಇದ್ದಿಲಾಗ್ತೀರಿ!" ಮೀಟರು ಓದುವ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ದರ್ಜಿ ಸ್ಟೂಲಿನ ಮೇಲಿಂದಲೇ ತನ್ನ ಸಾಕ್ಷ್ಯವನ್ನೆಲ್ಲ ಹೇಳಿದ. ಅವಳು ಹಣೆ ಚಚ್ಚಿಕೊಂಡಳು.

"ದೀಪ ನೆಟ್ಟಗಿದ್ರೆ ಏನೂ ಓಡ್ತಿಲ್ಲ ಅಂತ. ಮಿಟುಕಿದ್ರೆ ಓಡ್ತಿದೆ ಅಂತ. ಬೇಗ ಮಿಟುಕಿದಷ್ಟೂ ಜೋರು."

"ಮತ್ತೆ ಬಾಣ?"

"ಬೀದಿಯಿಂದ ನಿಮ್ಮ ಅಂಗಡಿಗೆ ಕರೆಂಟು ಬರ್ತಿದೆ ಅಂತ. ಮೀಟರನ್ನ ಎದುರು ಗೋಡೆಗೆ ಹೊಡೆದಿದ್ರೆ ಅದು ಕಕ್ಕಸಿನ ಕಡೆ ತೋರಿಸ್ತಿತ್ತು. ಆಗ ಯಾರನ್ನ ಹಿಡೀತಿದ್ರಿ?"

ಗಿರಾಕಿ ಪ್ಯಾಂಟು ಮರೆತು ನಕ್ಕ. ಅವಳು ಅಂಕಿ ನೋಡಿ ಹುಬ್ಬೇರಿಸಿದಳು. "ಅಬ್ಬಾ! ಇಷ್ಟೊಂದು ಓಡಿದೆಯಲ್ಲ, ಏನು ಹಾಕಿದ್ರಿ?"

"ಇಸ್ತ್ರಿ," ದರ್ಜಿ ಮೆಲ್ಲಗೆ ಸ್ಟೂಲಿನಿಂದ ಇಳಿದ. "ಬಟ್ಟೆ ಇಲ್ದಿದ್ರೂ. ಎಂಟು ದಿನದಿಂದ, ಬೆಳಗ್ಗೆ ಸಂಜೆ."

"ಯಾಕೆ?"

"ಮೀಟರು ಸ್ವಲ್ಪ ಮಲಗ್ಲಿ ಅಂತ."

ನಗು ಮುಗಿಯುವ ಮೊದಲೇ ಅವನು ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಭಾವ, ಅರ್ಧ ಬೋಳಿಸಿದ ಗಡ್ಡ.

"ಏನೋ, ಬಾಣ ನೋಡ್ಕೊಂಡೇ ಬಂದ್ಯಾ?"

"ಹಗ್ಗ ಸವೆದಿತ್ತು. ಬದಲಾಯಿಸೋಣ ಅಂತ."

"ಹಗ್ಗಕ್ಕೆ ಇಕ್ಕಳ ಯಾಕೋ?" ಒಳಗಿನಿಂದ ಅಕ್ಕ.

ಕೈಯಲ್ಲಿನ ಇಕ್ಕಳ ಆಗಲೇ ಅವನ ಕಣ್ಣಿಗೆ ಬಿದ್ದದ್ದು. ಮುಖ ಕೆಂಪಗೆ, ರೆಪ್ಪೆ ಪಿಳಿಪಿಳಿ. "ತಪ್ಪಾಯ್ತು ಅಕ್ಕಾ."

ಅವಳು ಬಿಸಿ ಡಬ್ಬಿ ತಂದು ಅವನ ಎದೆಗೆ ಒತ್ತಿದಂತೆ ಕೊಟ್ಟಳು. "ಇವತ್ತು ಕೈಯಲ್ಲೇ ತಗೊಂಡ್ಹೋಗು. ಹಗ್ಗಕ್ಕಿನ್ನೂ ಸಿಟ್ಟು ಇಳಿದಿಲ್ಲ."