ವ್ಯಾಪ್ತಿಯ ಹೊರಗೆ

ಹೋದ ವರ್ಷ ಬಂದಿದ್ದ ಆ ಬಿಳಿ ಗಾಡಿ ಉಪ್ಪು ತೆಗೆಯುವ ಆಗರದಲ್ಲಿ ದುಡಿಯುವ ಹೆಂಗಸರಿಗೆ ಒಂದು ಮಾತು ಕೊಟ್ಟು ಹೋಗಿತ್ತು. ಎದೆಯ ಫೋಟೋ ತೆಗೆಯುವ ಯಂತ್ರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದ ಗಾಡಿ ಅದು. ಕ್ಯಾನ್ಸರ್ ಇದ್ದರೆ ಮೊದಲೇ ಗೊತ್ತಾಗುತ್ತದಂತೆ. ಫೋಟೋ ಮುಗಿದ ಮೇಲೆ ನರ್ಸಮ್ಮ ಒಬ್ಬೊಬ್ಬರ ಬೆನ್ನು ತಟ್ಟಿ, “ಏನಾದ್ರೂ ಇದ್ರೆ ಫೋನ್ ಮಾಡ್ತೀವಿ. ಫೋನ್ ಬರ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ. ಆರಾಮಾಗಿರಿ” ಎಂದಿದ್ದಳು.

ಹೆಂಗಸರು ಆರಾಮಾಗಿದ್ದರು.

ಆಗರದಲ್ಲಿ ಸಿಗ್ನಲ್ ಸಿಗುವುದಿಲ್ಲ. ಮಾತಾಡಬೇಕೆಂದರೆ ಕೊನೆಯ ಏರಿ ದಾಟಿ ಡಾಂಬರು ರಸ್ತೆಗೆ ಹೋಗಬೇಕು. ಇದು ಅಲ್ಲಿ ಮಕ್ಕಳಿಗೂ ಗೊತ್ತು. ಆದರೂ ಅಷ್ಟು ದೊಡ್ಡ ಗಾಡಿಯವರ ಫೋನು ಹೇಗಾದರೂ ಬಂದೇ ಬರುತ್ತದೆ ಎಂದು ಅವರು ನಂಬಿದ್ದರು. ಹೆದರಿದ ಜೀವಕ್ಕೆ ನಂಬಿಕೆ ಬೇಗ ಹತ್ತುತ್ತದೆ.

ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಗುಬ್ಬಿಯ ಅತ್ತಿಗೆ. ತಾಯಿಯಿಲ್ಲದ ನಾದಿನಿಗೆ ಜಡೆ ಹಾಕಿ, ಗುಬ್ಬಿ ಎಂದು ಕರೆದು ಬೆಳೆಸಿದವಳು ಅವಳೇ. ಗುಬ್ಬಿಯ ಎದೆಯಲ್ಲಿ ಬಟಾಣಿಯಷ್ಟಿದ್ದ ಗಂಟು ದಪ್ಪವಾಗಿ ನೋಯತೊಡಗಿದಾಗ, “ಫೋನೇ ಬಂದಿಲ್ವಲ್ಲೇ! ಭಾರ ಎಳೆದು ಹಿಡ್ಕೊಂಡಿರ್ಬೇಕು” ಎಂದು ಉಪ್ಪು ಬಿಸಿಮಾಡಿ, ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ದಿನವೂ ಸಂಜೆ ಕೈಕಾಲು ತೊಳೆದು, ಮುಳುಗುವ ಸೂರ್ಯನಿಗೆ ಮುಖ ಮಾಡಿ, “ಇವತ್ತೂ ಫೋನ್ ಬರ್ಲಿಲ್ಲ ಸ್ವಾಮೀ, ನಿನ್ನ ದಯೆ” ಎನ್ನುತ್ತಿದ್ದಳು.

ಈ ವರ್ಷ ಗಾಡಿ ಮತ್ತೆ ಬಂತು. ಜೊತೆಗೆ ಶಾಮಿಯಾನ, ಮೈಕು, ಬ್ಯಾನರು. ಗಾಡಿ ಕೊಟ್ಟ ಟ್ರಸ್ಟು, ಫೋಟೋ ನೋಡುವ ಆಸ್ಪತ್ರೆ, ಫೋನ್ ಮಾಡುವ ಕಂಪನಿ, ಮೂವರೂ ಕೈಜೋಡಿಸಿದ್ದಾರೆ ಎಂದು ಬ್ಯಾನರಿನ ಮೇಲೆ ಬರೆದಿತ್ತು. ಕೋಟು ತೊಟ್ಟ ಕಂಪನಿಯ ಸಾಹೇಬರು ಬೆವರು ಒರೆಸಿಕೊಳ್ಳುತ್ತ, “ಇನ್ನು ಯಾವ ತಾಯಿಯೂ ನಮ್ಮ ವ್ಯಾಪ್ತಿಯ ಹೊರಗಿಲ್ಲ!” ಎಂದರು. ಹೆಂಗಸರು ಉಪ್ಪು ಮೆತ್ತಿದ ಕೈಗಳಿಂದ ಚಪ್ಪಾಳೆ ತಟ್ಟಿದರು.

ಅದೇ ಹೊತ್ತಿಗೆ ಗಾಡಿಯೊಳಗೆ ನರ್ಸಮ್ಮ ಗುಬ್ಬಿಯ ಎದೆ ಮುಟ್ಟಿ ಕೈ ಹಿಂದೆ ತೆಗೆದಳು. ಕಂಪ್ಯೂಟರಿನಲ್ಲಿ ಹೋದ ವರ್ಷದ ದಾಖಲೆ ನೋಡಿದಳು.

“ಯಾಕಮ್ಮ, ಆಸ್ಪತ್ರೆಗೆ ಬರ್ಲೇ ಇಲ್ಲ? ಹೋದ ವರ್ಷವೇ ಕರೆದಿದ್ರಲ್ಲ?”

“ಯಾರು ಕರೆದ್ರು?” ಪಕ್ಕದಲ್ಲೇ ನಿಂತಿದ್ದ ಅತ್ತಿಗೆ ಕೇಳಿದಳು.

“ಫೋನ್ ಮಾಡಿದಾರೆ. ಪ್ರತಿ ಸಲವೂ ವ್ಯಾಪ್ತಿಯ ಹೊರಗೆ ಅಂತ ಬಂದಿದೆ.”

“ಅದ್ಯಾವ ಊರು, ನರ್ಸಮ್ಮ?” ಗುಬ್ಬಿ ರವಿಕೆ ಸರಿಮಾಡಿಕೊಳ್ಳುತ್ತ ಕೇಳಿದಳು. “ನಾನೆಲ್ಲೂ ಹೋಗಿಲ್ಲ. ಇಲ್ಲೇ ಉಪ್ಪು ಎಳೀತಿದ್ದೆ.”

ಅತ್ತಿಗೆ ನಗಲಿಲ್ಲ. ಮೆಟ್ಟಿಲಿಳಿದು ನೇರ ಶಾಮಿಯಾನಕ್ಕೆ ನಡೆದಳು. ಸಾಹೇಬರು ಎಳನೀರಿಗೋ ಏನಕ್ಕೋ ಕೈಚಾಚಿದ್ದರು.

“ನನ್ನ ನಾದಿನಿಗೆ ಕಾಯಿಲೆ ಇದೆ ಅಂತ ನಿಮಗೆ ವರ್ಷದಿಂದ ಗೊತ್ತಿತ್ತಾ?”

ಸಾಹೇಬರು ವಿಷಯ ಕೇಳಿ ತಿಳಿದುಕೊಂಡು ಸಮಾಧಾನದಿಂದ ಹೇಳಿದರು: “ನೋಡಿಮ್ಮಾ, ಕರೆ ಮಾಡೋದು ನಮ್ಮ ಕೆಲಸ, ಮಾಡಿದೀವಿ.”

“ಎತ್ತೋರಿಲ್ಲ ಅಂತ ಗೊತ್ತಾದ್ಮೇಲೆ?”

“ಅದು ನಮ್ಮ ಲೆಕ್ಕಕ್ಕೆ ಬರೋದಿಲ್ಲ. ಆಸ್ಪತ್ರೆಯವರು ನೋಡ್ಕೋಬೇಕು.”

“ಅವರನ್ನ ಕೇಳಿದ್ರೆ ಟ್ರಸ್ಟಿನವರು ಅಂತಾರೆ. ಟ್ರಸ್ಟಿನವರನ್ನ ಕೇಳಿದ್ರೆ ನಿಮ್ಮನ್ನ ತೋರಿಸ್ತಾರೆ. ಕೈ ಜೋಡಿಸಿದ್ದು ಇದಕ್ಕೇನಾ, ಯಾರ ಕೈಯಿಂದ ಬಿದ್ಲು ಅಂತ ಗೊತ್ತಾಗ್ಬಾರ್ದು ಅಂತ? ಭಾಷಣ ಮಾಡೋಕೆ ನಮ್ಮ ದಾರಿ ಸಿಕ್ತು. ಬ್ಯಾನರ್ ಕಟ್ಟೋಕೆ ಸಿಕ್ತು. ಒಂದು ಮಾತು ಹೇಳಿ ಹೋಗೋಕೆ ಸಿಗ್ಲಿಲ್ವಾ, ಸಾಹೇಬ್ರೆ?”

ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ಮೆಲ್ಲಗೆ, “ಹಾಗಾದ್ರೆ... ನಂಗೂ ಫೋನ್ ಬಂದಿತ್ತೇನೋ?” ಎಂದಳು.

ಶಾಮಿಯಾನದಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ವರ್ಷ ಹಾಯಾಗಿ ಮಲಗಿದ ನಿದ್ದೆಯೆಲ್ಲ ಸುಳ್ಳಾಯಿತು. ಯಾರು ಮೊದಲು ತಂದರೋ, ಉಪ್ಪು ಎಳೆಯುವ ಹಲಗೆಗಳು ಬಂದು ಗಾಡಿಯ ಚಕ್ರಗಳ ಮುಂದೆ ಬಿದ್ದವು.

“ಒಬ್ಬೊಬ್ಬರ ಮುಖ ನೋಡಿ ಹೇಳಿ. ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ಅಲ್ಲೀವರೆಗೂ ಈ ಗಾಡಿ ಅಲ್ಲಾಡಲ್ಲ” ಎಂದಳು ಅತ್ತಿಗೆ.

ಸಾಹೇಬರು ಪೊಲೀಸರಿಗೆ ಹೇಳಲು ಫೋನ್ ತೆಗೆದರು. ನೋಡಿದರು. ಜೇಬಿಗೆ ಹಾಕಿಕೊಂಡರು. ಸಿಗ್ನಲ್ ಇರಲಿಲ್ಲ.

ನರ್ಸಮ್ಮ ಹೋದ ವರ್ಷದ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದಳು. ಇಲ್ಲ, ಇಲ್ಲ, ಇಲ್ಲ. ಮುದುಕಿಯ ಸರದಿ ಬಂದಾಗ ಪಟ್ಟಿಯನ್ನು ಎರಡು ಸಲ ನೋಡಿದಳು. ಮುದುಕಿ ತಲೆಯಾಡಿಸಿ, “ಹೇಳು ಮಗಾ. ನಿನ್ ತಪ್ಪೂ ಇದೆ, ಆದ್ರೂ ಹೇಳು” ಎಂದಳು.

“ಇಬ್ಬರನ್ನೂ ಈಗಲೇ ಈ ಗಾಡಿಯಲ್ಲೇ ಕರ್ಕೊಂಡ್ಹೋಗಿ.” ಅತ್ತಿಗೆ ಗುಬ್ಬಿಯ ಕೈ ಹಿಡಿದು ನಿಂತಳು.

“ಇದ್ರಲ್ಲಿ ಪೇಷಂಟ್ ಹತ್ತಿಸಂಗಿಲ್ಲಮ್ಮ,” ಡ್ರೈವರ್ ತಲೆ ಕೆರೆದುಕೊಂಡ. “ಮಿಷಿನ್ನಿಗೆ ಮಾತ್ರ.”

“ಹಾಗಾದ್ರೆ ಮಿಷಿನ್ ಇಳಿಸಿ ಹೋಗು. ನಾವು ನೋಡ್ಕೋತೀವಿ. ಫೋನ್ ಬರ್ಲಿಲ್ಲ ಅಂದ್ರೆ ಚೆನ್ನಾಗಿದೆ ಅಂತ ತಿಳ್ಕೋ.”

ಡ್ರೈವರ್ ಸಾಹೇಬರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. ನರ್ಸಮ್ಮ ತಾನೇ ಬಾಗಿಲು ತೆರೆದಳು.

ಗಾಡಿ ಏರಿಯ ಮೇಲೆ ಕುಲುಕುತ್ತ ಹೊರಟಾಗ ಸೂರ್ಯ ಇಳಿದಿದ್ದ. ಅದು ಅತ್ತಿಗೆ ಕೈಮುಗಿಯುವ ಹೊತ್ತು. ಕೈಗಳು ಮಡಿಲಲ್ಲೇ ಇದ್ದವು.

“ದೇವರ ಮೇಲೆ ಸಿಟ್ಟಾ, ಅತ್ತಿಗೆ?”

“ಅವನ ಮೇಲೆ ಯಾಕೇ? ಅವನು ನಿನ್ನ ಮೈಯಲ್ಲೇ ಹೇಳ್ತಿದ್ದ. ನಾನು ಇವರ ಫೋನಿಗೆ ಕಾದೆ.”

ಡಾಂಬರು ರಸ್ತೆ ಬಂತು. ನರ್ಸಮ್ಮ ಫೋನ್ ಎತ್ತಿಕೊಂಡು, “ಸಿಗ್ನಲ್ ಬಂತು, ಆಸ್ಪತ್ರೆಗೆ ಹೇಳ್ತೀನಿ” ಎಂದಳು.

“ಹೇಳಿ. ಅವರು ಎತ್ಲಿಲ್ಲ ಅಂದ್ರೂ ನಾವು ಬರ್ತಿದೀವಿ,” ಎಂದು ಅತ್ತಿಗೆ ಗುಬ್ಬಿಯ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.