ಹೀರಾಬಾಯಿ ಮನೆಯ ಫೋಟೋ

ಪ್ರತಿ ಭಾನುವಾರ ಶಹಾಬಾದದ ನಮ್ಮ ಓಣಿಯ ಬುದ್ಧವಿಹಾರದಲ್ಲಿ ಪಂಚಶೀಲ ಹೇಳಿಕೊಡುವವನು ನಾನೇ, ಅಂಬರಾಯ. ಉಳಿದ ದಿನ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಕುತ್ತೇನೆ. ಬೆಳಿಗ್ಗೆ ಅರ್ಧ ತಾಸು ಕಣ್ಣು ಮುಚ್ಚಿ ಉಸಿರು ನೋಡುತ್ತ ಕೂಡುವುದು ಹತ್ತು ವರ್ಷದ ರೂಢಿ. ಆದರೆ ‘ಧಮ್ಮಮಿತ್ರರು’ ಎಂಬ ವಾಟ್ಸಾಪ್ ಗುಂಪು ಸೇರಿದ ಮೇಲೆ, ಕಣ್ಣು ಮುಚ್ಚಿದರೆ ಸಾಕು, ಅಲ್ಲಿ ದಿನಾ ಕೆಣಕುವ ವಾಡಿಯ ಭೀಮುಗೆ ಕೊಡಬೇಕಾದ ಉತ್ತರವೇ ಮೊದಲು ಬರುತ್ತಿತ್ತು. ಆ ಮನುಷ್ಯನ ಮುಖ ನಾನು ನೋಡಿಲ್ಲ. ಸಿಟ್ಟು ಮಾತ್ರ ಸ್ವಂತ ದಾಯಾದಿಯ ಮೇಲಿನಷ್ಟು.

ಶನಿವಾರ ಅವನು ಬರೆದ: ‘ಶಹಾಬಾದದ ಮಂದಿ ವಿಹಾರದಾಗ ಬುದ್ಧಗ ಕೈ ಮುಗಿತಾರ, ಮನ್ಯಾಗ ಮರಗಮ್ಮಗ ಎಡಿ ಹಿಡಿತಾರ. ಅಂಬರಾಯ ಎಲ್ಲಾ ಮುಚ್ಚಿಡ್ತಾನ.’

ನನ್ನ ತಲೆ ಕೆಟ್ಟಿತು. ಹೀರಾಬಾಯಿ ನನ್ನ ಸಣ್ಣವ್ವ, ತಾಯಿಯ ತಂಗಿ. ಬೌದ್ಧ ದೀಕ್ಷೆಯ ದಿನ ದೇವರುಗಳನ್ನು ಬಿಟ್ಟೆನೆಂದು ಎಲ್ಲರ ಜೊತೆ ಪ್ರತಿಜ್ಞೆ ಮಾಡಿದವಳು, ತನ್ನವ್ವ ಕೊಟ್ಟ ಊರದೇವತೆ ಮರಗಮ್ಮನ ಬೆಳ್ಳಿ ಮೂರ್ತಿಯನ್ನು ಮಾತ್ರ ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ನನ್ನೊಬ್ಬನಿಗೇ ಗೊತ್ತಿತ್ತು. ಅವಳ ಮನೆಗೆ ಫರಸಿ ಹಾಕಿದಾಗ ತೆಗೆದ ಫೋಟೋದಲ್ಲಿ ಆ ಗೂಡೂ ಬಿದ್ದಿತ್ತು. ಅದನ್ನೇ ಹಾಕಿ, ‘ನಾ ಯಾರದೂ ಮುಚ್ಚಿಡಲ್ಲ. ಇದು ನನ್ನ ಸಣ್ಣವ್ವ ಹೀರಾಬಾಯಿ ಮನಿ. ತಪ್ಪಂದ್ರ ತಪ್ಪೇ’ ಎಂದು ಬರೆದೆ.

ಭೀಮು ಬಾಯಿ ಮುಚ್ಚಿದ. ನಲವತ್ತು ಮಂದಿ ಹೆಬ್ಬೆರಳು ಎತ್ತಿದರು. ಸುಳ್ಳಂತೂ ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಶಾಭಾಸ್ ಅಂದುಕೊಂಡು ಮಲಗಿದೆ.

ಭಾನುವಾರ ಎದ್ದು ನೋಡಿದರೆ ಗುಂಪಿನಲ್ಲಿ ನೂರಾರು ಮಾತು. ‘ಇಂಥಾಕಿ ವಿಹಾರದಾಗ ಕಾಲಿಡಬಾರದು.’ ‘ಸಂಜಿಕ ಹತ್ತು ಮಂದಿ ಹೋಗಿ ಆ ಮೂರ್ತಿ ಹೊರಗ ಒಗಿಮು. ವಿಡಿಯೋ ಮಾಡ್ರಿ.’ ಯಾರೋ ಮನೆ ಎಲ್ಲಿ ಎಂದು ಕೇಳಿದ್ದ. ಇನ್ನ್ಯಾರೋ ಓಣಿಯ ಗುರುತು ಸಮೇತ ಹೇಳಿದ್ದ. ಫೋಟೋ ಚಿತ್ತಾಪುರ, ಸೇಡಂನ ಗುಂಪುಗಳಿಗೂ ಹೋಗಿತ್ತು. ನಮ್ಮ ಗುಂಪಿನಿಂದ ಅಳಿಸಿದೆ. ಉಳಿದವು ನನ್ನ ಕೈಯಲ್ಲಿರಲಿಲ್ಲ. ಸಣ್ಣವ್ವನಿಗೆ ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಮನೆಗೆ ಓಡಿದೆ. ಬೀಗ. ಪಕ್ಕದ ಮನೆಯ ತಾಜುನ್ನಿಸಾ ಹೊರಗೆ ಬಂದಳು.

“ನಸುಕಿನಿಂದ ಫೋನ್ ಒಂದೇ ಸವನ ಹೊಡ್ಕೊಳ್ಳಾಕತ್ತಿತ್ತಪ್ಪ. ಚಿತ್ತಾಪುರದ ಬೀಗರು ಸುದ್ದಾ ಬೈದ್ರಂತ. ಈಗ ಹೊಳೀ ಕಡಿ ಹೋದ್ಲು.”

ಕಾಗಿಣಾ ಹೊಳೆಗೆ ಹೋಗುವ ದಾರಿ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪ್ರತಿ ತಿರುವಿನಲ್ಲೂ ಮಂದಿ ಗುಂಪುಗೂಡಿದ್ದಾರೇನೋ ಎಂದು ಹೆದರುತ್ತ ಓಡಿದೆ. ಜೀವ ಇದ್ದರೆ ಸಾಕು, ಮತ್ತೇನೂ ಬೇಡ ಅನ್ನಿಸುತ್ತಿತ್ತು.

ಇದ್ದಳು. ಮೊಣಕಾಲುಮಟ್ಟ ನೀರಿನಲ್ಲಿ ನಿಂತಿದ್ದಳು.

“ಸಣ್ಣವ್ವಾ, ಹೊರಗ ಬಾ.”

ತಿರುಗಿ ನನ್ನನ್ನು ನೋಡಿದಳು. ಎರಡೂ ಕೈ ಮುಂದೆ ಚಾಚಿದಳು.

“ಮರಗಮ್ಮನ್ನ ನೀರಾಗ ಬಿಟ್ಟೀನಪ್ಪ. ನೋಡು, ಕೈ ಖಾಲಿ ಅದಾವ. ಹೊಡ್ಕೊ ಫೋಟೋ, ಗುಂಪಿಗಿ ಹಾಕು. ಸಂಜಿಕ ಯಾರೂ ಬರೋದು ಬ್ಯಾಡಂತ ಹೇಳು.”

“ಫೋಟೋ ಬ್ಯಾಡ ಸಣ್ಣವ್ವ. ನನ್ನಿಂದ ಭಾಳ ತಪ್ಪಾತು. ಕೈ ಹಿಡಿ, ಮನೀಗಿ ಹೋಗಮು.”

ನಾನು ನೀರಿಗೆ ಇಳಿದೆ. ಅವಳ ಕಣ್ಣು ನನ್ನ ಕೈಯಲ್ಲಿದ್ದ ಫೋನಿನ ಮೇಲೇ ಇತ್ತು. ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು, ನಾನು ಒಂದು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆ ಹಿಂದೆ, ಆಳದ ಕಡೆ ಸರಿಯುತ್ತಿದ್ದಳು.